‘ತಾಲ್ಲೂಕಿ’ನ ಕ, ‘ಇಲಾಖೆ’ಯ ಖ: ಅರಬ್ಬೀ ಕ಼ಾಫ್ ಅಕ್ಷರದ ಕನ್ನಡ ರೂಪಗಳು

ಕರ್ನಾಟಕದ ಸರ್ಕಾರಿ ಪತ್ರವೊಂದರ ತಲೆಬರಹವನ್ನು ನೋಡಿದರೆ ಸಾಮಾನ್ಯವಾಗಿ ಎರಡು ಪದಗಳು ಕಣ್ಣಿಗೆ ಬೀಳುತ್ತವೆ. ಒಂದು ‘ಇಲಾಖೆ’, ಇನ್ನೊಂದು ‘ತಾಲ್ಲೂಕು’. ಇವೆರಡೂ ಅರಬ್ಬೀ ಮೂಲದವು ಎಂಬುದು ತಿಳಿದ ವಿಷಯವೇ. ಆದರೆ ಇವೆರಡೂ ಒಂದೇ ಧಾತುವಿನಿಂದ ಹುಟ್ಟಿದವು ಎಂಬ ಸಂಗತಿ ಅಷ್ಟಾಗಿ ಗಮನಕ್ಕೆ ಬಂದಂತಿಲ್ಲ. ‘ತೂಗಿಕೊಂಡಿರು, ಅಂಟಿಕೊಂಡಿರು’ ಎಂಬರ್ಥದ ಆ ಧಾತುವಿನ ಮೂರು ವ್ಯಂಜನಗಳು ಐನ್, ಲಾಮ್ ಮತ್ತು ಕ಼ಾಫ್. ಇದರಿಂದ ‘ಸಂಬಂಧ, ಅಧೀನತೆ’ ಎಂಬ ಅರ್ಥದಲ್ಲಿ ಹೊರಟ ಎರಡು ರೂಪಗಳಲ್ಲಿ ಒಂದು ನಮ್ಮಲ್ಲಿ ತಾಲ್ಲೂಕು ಆಯಿತು, ಇನ್ನೊಂದು ಇಲಾಖೆಯಾಯಿತು. ಮೂಲದಲ್ಲಿ ಎರಡರ ಕೊನೆಯ ಧಾತುವ್ಯಂಜನವೂ ಕ಼ಾಫ್. ಕನ್ನಡದಲ್ಲಿ ಒಂದು ಅಲ್ಪಪ್ರಾಣ ‘ಕ’ ಆಗಿದೆ, ಇನ್ನೊಂದು ಮಹಾಪ್ರಾಣ ‘ಖ’ ಆಗಿದೆ.

ಈ ವ್ಯತ್ಯಾಸವನ್ನು ಬರೆಹಗಾರರ ಅಜಾಗರೂಕತೆ ಎಂದು ತಳ್ಳಿಹಾಕುವುದು ಸುಲಭ. ಹಾಗೆ ತಳ್ಳಿಹಾಕದೆ, ಅದು ದಖ್ಖನಿನ ಭಾಷಾಸಂಪರ್ಕಕ್ಕೆ ಒಂದು ಸಾಕ್ಷ್ಯವೆಂದು ಪರಿಗಣಿಸಬೇಕು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲು ಯತ್ನಿಸಲಾಗಿದೆ. ಕರ್ನಾಟಕದ ಹೊರಗಿದ್ದು ಕನ್ನಡ, ಮರಾಠಿ, ಪಾರಸಿ ದಾಖಲೆಗಳನ್ನು ಒಟ್ಟಿಗೆ ಓದಬೇಕಾದ ಸಂಶೋಧಕರಿಗೆ ಈ ವಿಚಾರ ಉಪಯುಕ್ತವಾದೀತೆಂದು ಭಾವಿಸಿದ್ದೇನೆ. ಅರಬ್ಬಿಯಲ್ಲಿ ಕಕಾರವನ್ನು ಹೋಲುವ ಅಕ್ಷರಗಳು ಎರಡಿವೆ. ನಮ್ಮ ‘ಕ’ದಂತೆಯೇ ಉಚ್ಚಾರವಾಗುವುದನ್ನು ಇಲ್ಲಿ ‘ಕಾಫ್’ ಎಂದೂ ಗಂಟಲಿನ ಮೇಲ್ಭಾಗದಿಂದ ಹೊರಡುವುದನ್ನು ಚುಕ್ಕಿ ಸಹಿತವಾಗಿ ‘ಕ಼ಾಫ್’ ಎಂದೂ ಬರೆಯಲಾಗಿದೆ.

1. ಅಕ್ಷರದ ಪೂರ್ವಚರಿತ್ರೆ

ಕ಼ಾಫ್ ಸೆಮಿಟಿಕ್ ವರ್ಣಮಾಲೆಗಳ ಪ್ರಾಚೀನ ಅಕ್ಷರಗಳಲ್ಲೊಂದು. ಫಿನೀಷಿಯನ್, ಅರಮೇಯಿಕ್, ಹೀಬ್ರೂ, ಅರಬ್ಬೀ ಈ ನಾಲ್ಕರಲ್ಲಿಯೂ ಅದು ಇದೆ. ನಾಲಗೆಯ ಹಿಂಭಾಗವನ್ನು ಕಿರುನಾಲಗೆಯ ಬಳಿಗೆ ಒತ್ತಿ ಬಿಡುವುದರಿಂದ ಹುಟ್ಟುವ ಧ್ವನಿ ಅದರದು. ಕನ್ನಡದಲ್ಲಾಗಲಿ ಸಂಸ್ಕೃತದಲ್ಲಾಗಲಿ ಇದಕ್ಕೆ ಸಮನಾದ ವರ್ಣವಿಲ್ಲ.

ಗ್ರೀಕರು ಫಿನೀಷಿಯನ್ನರಿಂದ ಲಿಪಿಯನ್ನು ಪಡೆದಾಗ ಈ ಅಕ್ಷರವೂ ‘ಕೊಪ್ಪ’ ಎಂಬ ಹೆಸರಿನಿಂದ ಅವರಿಗೆ ಬಂದಿತು. ಗ್ರೀಕ್ ಭಾಷೆಯಲ್ಲಿ ಆ ಧ್ವನಿ ಇರಲಿಲ್ಲವಾದ್ದರಿಂದ ಮೊದಮೊದಲು ಅದನ್ನು ಒ, ಉ ಸ್ವರಗಳ ಹಿಂದೆ ಮಾತ್ರ ಬಳಸಿದರು. ಕೊರಿಂಥ್ ನಗರದ ಪ್ರಾಚೀನ ನಾಣ್ಯಗಳ ಮೇಲೆ ಆ ನಗರದ ಹೆಸರಿನ ಮೊದಲಕ್ಷರವಾಗಿ ಕೊಪ್ಪ ಕಾಣಸಿಗುತ್ತದೆ. ಮುಂದೆ ಅದು ಬರವಣಿಗೆಯಿಂದ ಮರೆಯಾಗಿ 90 ಎಂಬ ಸಂಖ್ಯೆಯ ಚಿಹ್ನೆಯಾಗಿ ಮಾತ್ರ ಉಳಿಯಿತು. ರೋಮನ್ನರಲ್ಲಿ ಅದೇ ಅಕ್ಷರ ‘ಕ್ಯೂ’ ಆಗಿ ಇಂದಿನವರೆಗೂ ಬಾಳಿದೆ.

ಹೀಬ್ರೂ ಮತ್ತು ಅರಬ್ಬಿಗಳಲ್ಲಿ ಈ ಅಕ್ಷರದ ಸಂಖ್ಯಾಮೌಲ್ಯ 100. ಇದು ಕೇವಲ ಕುತೂಹಲದ ಸಂಗತಿಯಲ್ಲ. ದಖ್ಖನಿನ ಪಾರಸಿ ಶಾಸನಗಳಲ್ಲಿ ಒಂದು ವಾಕ್ಯದ ಅಕ್ಷರಗಳ ಮೌಲ್ಯವನ್ನು ಕೂಡಿ ಕಾಲವನ್ನು ಸೂಚಿಸುವ ಪದ್ಧತಿಯಿದೆ. ವಿಜಾಪುರದ ಗೋಲಗುಮ್ಮಟದ ದಕ್ಷಿಣ ದ್ವಾರದ ಶಾಸನಗಳು ಈ ಕ್ರಮದಲ್ಲಿಯೇ ಮುಹಮ್ಮದ್ ಆದಿಲಶಾಹನ ಮರಣದ ವರ್ಷವಾದ ಹಿಜರಿ 1067ನ್ನು, ಅಂದರೆ ಕ್ರಿ.ಶ. 1656ನ್ನು ಸೂಚಿಸುತ್ತವೆ. ಪದದ ಆದಿಯಲ್ಲಿಯೂ ಮಧ್ಯದಲ್ಲಿಯೂ ಕ಼ಾಫ್ ಮತ್ತು ಫೇ ಅಕ್ಷರಗಳ ಆಕಾರ ಒಂದೇ. ಎರಡು ಚುಕ್ಕಿ ಇದ್ದರೆ ಕ಼ಾಫ್, ಒಂದೇ ಇದ್ದರೆ ಫೇ. ಫೇ ಅಕ್ಷರದ ಮೌಲ್ಯ 80. ಸವೆದ ಕಲ್ಲಿನಲ್ಲಿ ಒಂದು ಚುಕ್ಕಿ ಕಾಣದೆ ಹೋದರೆ ಲೆಕ್ಕದಲ್ಲಿ 20 ವರ್ಷಗಳ ಅಂತರವೇರ್ಪಡುತ್ತದೆ.

ನಮ್ಮ ಲಿಪಿಗೂ ಈ ಅಕ್ಷರಕ್ಕೂ ನಂಟು ಕಲ್ಪಿಸಿದವರುಂಟು. ಬ್ರಾಹ್ಮೀ ಲಿಪಿಯ ಸೆಮಿಟಿಕ್ ಮೂಲವನ್ನು ಪ್ರತಿಪಾದಿಸಿದ ಗೇಯೊರ್ಗ್ ಬ್ಯೂಲರ್ ಅವರು ಬ್ರಾಹ್ಮಿಯ ‘ಖ’ ಅಕ್ಷರವನ್ನು ಈ ಸೆಮಿಟಿಕ್ ಅಕ್ಷರದಿಂದಲೇ ಸಾಧಿಸಿದ್ದರು. ಬ್ರಾಹ್ಮಿಯ ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದ್ದರಿಂದ ಇದನ್ನು ಒಂದು ಊಹೆಯೆಂದೇ ಗ್ರಹಿಸಬೇಕು. ಆದರೆ ಅರಮೇಯಿಕ್ ಮೂಲದ್ದೆಂದು ಸಾಮಾನ್ಯವಾಗಿ ಒಪ್ಪಿರುವ ಖರೋಷ್ಠೀ ಲಿಪಿ ಅಶೋಕನ ಕಾಲಕ್ಕೇ ಕರ್ನಾಟಕದ ನೆಲವನ್ನು ತಲುಪಿತ್ತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನವನ್ನು ಬರೆದ ಚಪಡನು ‘ಲಿಪಿಕಾರ’ ಎಂಬ ತನ್ನ ವೃತ್ತಿನಾಮವನ್ನು ಖರೋಷ್ಠಿಯಲ್ಲಿ ಕೆತ್ತಿದ್ದಾನೆ.

2. ಭಾಷೆಯಿಂದ ಭಾಷೆಗೆ

ಕ಼ಾಫ್ ಧ್ವನಿ ಅರಬ್ಬೀ ಮಾತಾಡುವವರಲ್ಲಿಯೂ ಏಕರೂಪವಾಗಿ ಉಳಿದಿಲ್ಲ. ಕೈರೋ, ದಮಾಸ್ಕಸ್‌ನಂತಹ ನಗರಗಳ ಆಡುಮಾತಿನಲ್ಲಿ ಅದು ಗಂಟಲಿನ ಕ್ಷಣಿಕ ತಡೆಯಾಗಿದೆ. ಬೆದೂಯಿನ್ ಪಂಗಡಗಳ ಮಾತಿನಲ್ಲಿ ‘ಗ’ ಆಗಿದೆ. ಅರಬ್ಬಿಯ ಕವಲಾದ ಮಾಲ್ಟೀಸ್ ರೋಮನ್ ಲಿಪಿಯಲ್ಲಿ ‘ಕ್ಯೂ’ ಅಕ್ಷರವನ್ನೇ ಬರೆದು ಗಂಟಲಿನ ತಡೆಯನ್ನು ಸೂಚಿಸುತ್ತದೆ. ಇರಾನಿನ ಪಾರಸಿಯಲ್ಲಿ ಕ಼ಾಫ್ ಮತ್ತು ಗ಼ೈನ್ ಒಂದಾಗಿವೆ. ಆಜರ್‌ಬೈಜಾನ್ 1991ರಲ್ಲಿ ಮತ್ತೆ ರೋಮನ್ ಲಿಪಿಯನ್ನು ಸ್ವೀಕರಿಸಿದಾಗ ‘ಕ್ಯೂ’ ಅಕ್ಷರವನ್ನು ಗಕಾರಕ್ಕೆ ಮೀಸಲಿಟ್ಟಿತು.

ತುರ್ಕಿಯ ಪ್ರಸಂಗ ಇನ್ನಷ್ಟು ಗಂಭೀರವಾದುದು. 1928ರ ಲಿಪಿ ಸುಧಾರಣೆಯಲ್ಲಿ ರಚಿತವಾದ ವರ್ಣಮಾಲೆಯಲ್ಲಿ ‘ಕ್ಯೂ’ ಸೇರಲಿಲ್ಲ. ಕುರ್ದಿ ಭಾಷೆಗೆ ಆ ಅಕ್ಷರ ಅಗತ್ಯ. ಇದರಿಂದಾಗಿ ಆ ಅಕ್ಷರವುಳ್ಳ ಕುರ್ದಿ ಹೆಸರುಗಳಿಗೆ ಅಧಿಕೃತ ದಾಖಲೆಗಳಲ್ಲಿ ಬಹುಕಾಲ ಎಡೆಯಿರಲಿಲ್ಲ. 2013ರಲ್ಲಿ ಪ್ರಕಟವಾದ ಸುಧಾರಣೆಗಳಲ್ಲಿ ಈ ನಿರ್ಬಂಧವನ್ನು ತೆಗೆಯುವ ವಿಷಯವೂ ಸೇರಿತ್ತು. ಒಂದು ಅಕ್ಷರದ ಪ್ರಶ್ನೆ ಒಬ್ಬ ವ್ಯಕ್ತಿಯ ಹೆಸರಿನ ಪ್ರಶ್ನೆಯೂ ಆಗಬಲ್ಲುದೆಂಬುದಕ್ಕೆ ಇದೊಂದು ನಿದರ್ಶನ. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಭಾರತದ ಮಟ್ಟಿಗೆ ಹೇಳುವುದಾದರೆ, ಇಲ್ಲಿನ ಪಾರಸಿಯಲ್ಲಿಯೂ ಶಿಷ್ಟ ಉರ್ದುವಿನಲ್ಲಿಯೂ ಕ಼ಾಫ್ ತನ್ನ ಪ್ರತ್ಯೇಕತೆಯನ್ನು ಉಳಿಸಿಕೊಂಡಿತು. ಉತ್ತರದ ಜನಭಾಷೆಗಳಲ್ಲಿ ಅದು ಸಾಮಾನ್ಯವಾಗಿ ‘ಕ’ ಆಯಿತು. ದಕ್ಷಿಣದ ದಖನಿಯಲ್ಲಿ ಹಾಗಾಗಲಿಲ್ಲ. ದಖನಿ ಆಡುವವರ ಬಾಯಲ್ಲಿ ಕ಼ಾಫ್ ಅರಬ್ಬಿಯ ‘ಖೇ’ ಅಕ್ಷರದ ಘರ್ಷ ಧ್ವನಿಯೊಂದಿಗೆ ಬೆರೆತುಹೋಯಿತು. ಕ಼ಲಮ್ ಎಂದು ಬರೆದುದನ್ನು ಅವರು ಖಲಮ್ ಎನ್ನುತ್ತಾರೆ, ಕ಼ಿಸ್ಮತ್ ಎಂಬುದು ಖಿಸ್ಮತ್ ಆಗುತ್ತದೆ. ನಮ್ಮ ‘ಇಲಾಖೆ’ಯ ಖಕಾರಕ್ಕೆ ಕೀಲಿಕೈ ಇಲ್ಲಿದೆ.

3. ದಖ್ಖನಿನ ದಫ್ತರಗಳು

1347ರಲ್ಲಿ ಬಹಮನೀ ರಾಜ್ಯ ಸ್ಥಾಪನೆಯಾದಂದಿನಿಂದ ಪಾರಸಿ ದಖ್ಖನಿನ ಆಡಳಿತ ಭಾಷೆಯಾಯಿತು. ಆದರೆ ಗ್ರಾಮ ಮಟ್ಟದ ಲೆಕ್ಕಪತ್ರಗಳು ದೇಶಭಾಷೆಗಳಲ್ಲಿಯೇ ನಡೆಯಬೇಕಾಗಿತ್ತು. ವಿಜಾಪುರದ ಒಂದನೆಯ ಇಬ್ರಾಹಿಂ ಆದಿಲಶಾಹನು (1534–1558) ಲೆಕ್ಕಪತ್ರಗಳಲ್ಲಿ ಪಾರಸಿಯ ಬದಲು ‘ಹಿಂದವಿ’ಯನ್ನು ಬಳಕೆಗೆ ತಂದನೆಂದು ಇತಿಹಾಸಕಾರ ಫಿರಿಶ್ತಾ ಹೇಳುತ್ತಾನೆ. ಹೀಗೆ ಪಾರಸಿಯ ಪರಿಭಾಷೆ ದೇಶೀ ಲಿಪಿಗಳಿಗೆ ಇಳಿಯಿತು. ಮರಾಠಿಯನ್ನು ಮೋಡಿಯಲ್ಲಿ ಬರೆಯುತ್ತಿದ್ದ ಕಾರಕೂನರ ಬಳಿ ಕ಼ಾಫ್‌ಗೆ ಪ್ರತ್ಯೇಕ ಅಕ್ಷರವಿರಲಿಲ್ಲ. ಅವರು ಹೆಚ್ಚಾಗಿ ‘ಕ’ವನ್ನೇ ಬಳಸಿದರು.

ಛತ್ರಪತಿ ಶಿವಾಜಿಯ ಆಶ್ರಯದಲ್ಲಿ ರಘುನಾಥ ಪಂಡಿತನ ನೇತೃತ್ವದಲ್ಲಿ ಸಿದ್ಧವಾದ ‘ರಾಜವ್ಯವಹಾರಕೋಶ’ ಇಂತಹ ಪಾರಸಿ ಪದಗಳಿಗೆ ಸಂಸ್ಕೃತ ಪರ್ಯಾಯಗಳನ್ನು ಒದಗಿಸಿತು. ಆದರೂ ಆಡಳಿತದ ನಿತ್ಯವ್ಯವಹಾರದಿಂದ ಪಾರಸಿ ಪದಗಳು ದೂರವಾಗಲಿಲ್ಲ. ಪುಣೆಯ ಪೇಶ್ವೆ ದಫ್ತರದ ಮೋಡಿ ಕಾಗದಪತ್ರಗಳೇ ಇದಕ್ಕೆ ಸಾಕ್ಷಿ. ಗೋ.ಸ. ಸರದೇಸಾಯಿಯವರು ಅವುಗಳಿಂದ ಆಯ್ದು 1930ರಿಂದ 1934ರವರೆಗೆ 45 ಸಂಪುಟಗಳನ್ನು ಹೊರತಂದರು. ಕವಿ ‘ಮಾಧವ ಜ್ಯೂಲಿಯನ್’, ಅಂದರೆ ಮಾಧವರಾವ್ ಪಟವರ್ಧನರು, 1925ರಲ್ಲಿ ಪ್ರಕಟಿಸಿದ ಪಾರಸಿ–ಮರಾಠಿ ಕೋಶ ಈ ಪದರಾಶಿಯ ಅಧ್ಯಯನಕ್ಕೆ ಇಂದಿಗೂ ಆಧಾರವಾಗಿದೆ. ಕನ್ನಡ ಸಂಶೋಧಕರು ಇದನ್ನು ಕಿಟೆಲ್ ಅವರ 1894ರ ಕೋಶದೊಡನೆ ಇಟ್ಟುಕೊಂಡು ನೋಡುವುದು ಅವಶ್ಯ.

ಪುಣೆಯ ಊರಿನಲ್ಲಿಯೇ ಈ ಅಕ್ಷರದ ಗುರುತಿದೆ. ನಗರದ ಅತ್ಯಂತ ಹಳೆಯ ಭಾಗ ‘ಕಸಬಾ ಪೇಠ’. ಆಡಳಿತದ ಕೇಂದ್ರವಾದ ಊರು ಎಂಬರ್ಥದ ಅರಬ್ಬಿಯ ‘ಕ಼ಸಬಾ’ ಇಲ್ಲಿದೆ. ಕರ್ನಾಟಕದ ತಾಲ್ಲೂಕುಗಳಲ್ಲಿ ಮುಖ್ಯ ಊರು ಸೇರಿರುವ ಹೋಬಳಿಯನ್ನು ‘ಕಸಬಾ ಹೋಬಳಿ’ ಎಂದು ಕರೆಯುವಾಗಲೂ ನಾವು ಅದೇ ಪದವನ್ನು ಬಳಸುತ್ತೇವೆ.

ಕನ್ನಡಕ್ಕೆ ಈ ಪದಗಳು ಒಂದೇ ದಾರಿಯಿಂದ ಬರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ ಸೀಮೆಗಳಲ್ಲಿ ಮರಾಠಿ ಕಚೇರಿಯ ಪ್ರಭಾವ ಪೇಶ್ವೆಯರ ಕಾಲದಿಂದ ಮೊದಲ್ಗೊಂಡು ಮುಂಬಯಿ ಪ್ರಾಂತದ ಕಾಲದವರೆಗೂ ಪ್ರಬಲವಾಗಿತ್ತು. ಕಲಬುರಗಿ, ರಾಯಚೂರು, ಬೀದರ ಭಾಗಗಳಲ್ಲಿ ನಿಜಾಮರ ಆಡಳಿತದ ಪಾರಸಿಯೂ ಆಮೇಲೆ 1948ರವರೆಗೆ ಉರ್ದುವೂ ಇದ್ದವು. ಮೈಸೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಕಾಲದ ಪಾರಸಿ ಕಚೇರಿಯ ಜೊತೆಗೆ ಪೇಟೆ, ಸೈನ್ಯಗಳಲ್ಲಿ ದಖನಿಯ ಒಡನಾಟವಿತ್ತು.

4. ಕನ್ನಡದಲ್ಲಿ ಮೂರು ರೂಪಗಳು

ಕನ್ನಡದಲ್ಲಿ ಕ಼ಾಫ್ ಮುಖ್ಯವಾಗಿ ಮೂರು ರೂಪಗಳನ್ನು ತಾಳಿದೆ.

ಮೊದಲನೆಯದು ‘ಕ’. ಕಾನೂನು, ಕಾಯಿದೆ, ಕರಾರು, ಕಬೂಲು, ಕಿಮ್ಮತ್ತು, ಕಿಲ್ಲೆ, ತಾಕತ್ತು, ಬಂದೂಕು, ಬಾಕಿ, ನಕಲು ಮೊದಲಾದವು ಈ ವರ್ಗದವು. ಸಂಖ್ಯೆಯಲ್ಲಿ ಇವೇ ಹೆಚ್ಚು. ‘ಹಕ್ಕು’ ಎಂಬಲ್ಲಿ ಮೂಲದ ದ್ವಿತ್ವ ಕ಼ಾಫ್ ‘ಕ್ಕ’ ಆಗಿ, ಉಕಾರವೂ ಸೇರಿ, ಪದ ಅಚ್ಚಗನ್ನಡದಂತೆಯೇ ತೋರುತ್ತದೆ. ‘ನಕ್ಷೆ’ಯಲ್ಲಿ ಇದಕ್ಕೆ ವಿರುದ್ಧವಾದುದು ನಡೆದಿದೆ. ಕ಼ಾಫ್ ಮತ್ತು ಶೀನ್ ಸೇರಿ ‘ಕ್ಷ’ವಾದುದರಿಂದ ಅದು ಸಂಸ್ಕೃತ ಪದವೆಂಬ ಭ್ರಮೆ ಹುಟ್ಟಿಸುತ್ತದೆ. ಮರಾಠಿಯ ‘ನಕಾಶಾ’ದಲ್ಲಿ ಆ ಭ್ರಮೆಗೆ ಅವಕಾಶವಿಲ್ಲ.

ಎರಡನೆಯದು ‘ಖ’. ಇದರಲ್ಲಿ ಎರಡು ಗುಂಪುಗಳನ್ನು ಬೇರ್ಪಡಿಸಬೇಕು. ಇಲಾಖೆ, ಮುಲಾಖತ್, ಬುರ್ಖಾ ಎಂಬಲ್ಲಿ ಮರಾಠಿಯಲ್ಲಿಯೂ ಇಲಾಖಾ, ಮುಲಾಖತ, ಬುರಖಾ ಎಂದು ಖಕಾರವೇ ಇದೆ. ಖೈದಿ, ಖಾಯಂ, ಖಾಜಿ ಎಂಬಲ್ಲಿ ಮರಾಠಿಯಲ್ಲಿ ಕೈದೀ, ಕಾಯಮ, ಕಾಜೀ ಎಂದು ಕಕಾರವಿದೆ. ಇವುಗಳಿಗೆ ಕನ್ನಡದಲ್ಲಿಯೂ ಕೈದಿ, ಕಾಯಂ, ಕಾಜಿ ಎಂಬ ಜೋಡಿ ರೂಪಗಳುಂಟು. ಮೊದಲ ಗುಂಪು ಇಡೀ ದಖ್ಖನಿಗೆ ಸಮಾನವಾದ, ಕಿವಿಯ ಮೂಲಕ ಹರಡಿದ ಉಚ್ಚಾರಣೆಯನ್ನು ಸೂಚಿಸುತ್ತದೆ. ಎರಡನೆಯ ಗುಂಪು ಮರಾಠಿಯ ಮಧ್ಯಸ್ಥಿಕೆಯಿಲ್ಲದೆ ಕನ್ನಡಿಗರು ದಖನಿ ಆಡುವವರಿಂದ ನೇರವಾಗಿ ಕೇಳಿದುದನ್ನು ಸೂಚಿಸುತ್ತದೆ ಎಂದು ನನ್ನ ಅಭಿಪ್ರಾಯ. ದಫ್ತರದ ಓದುಬರೆಹದಿಂದ ಬಂದುದು ‘ಕ’, ಮಾತುಕತೆಯಿಂದ ಬಂದುದು ‘ಖ’ ಎಂದು ಸ್ಥೂಲವಾಗಿ ಹೇಳಬಹುದು. ತಾಲ್ಲೂಕು ಕಾಗದದ ಮೇಲೆ ಸ್ಥಿರಗೊಂಡ ರೂಪ. ಇಲಾಖೆ ಜನರ ಬಾಯಲ್ಲಿ ಸ್ಥಿರಗೊಂಡ ರೂಪ. ಅರ್ಥದಲ್ಲಿಯೂ ಇವೆರಡು ಭಾಷೆಗಳು ಬೇರ್ಪಟ್ಟಿವೆ. ಮರಾಠಿಯ ‘ಮುಂಬಯಿ ಇಲಾಖಾ’ ಪ್ರಾಂತವನ್ನು ಸೂಚಿಸಿದರೆ ಇಂದಿನ ಕನ್ನಡದ ಇಲಾಖೆ ಸರ್ಕಾರದ ಒಂದು ವಿಭಾಗ.

ಮೂರನೆಯದು ‘ಗ’. ‘ನಗದು’, ‘ತಗಾದೆ’ ಇದಕ್ಕೆ ಪ್ರಸಿದ್ಧ ಉದಾಹರಣೆಗಳು. ಮೂಲದಲ್ಲಿ ಮೊದಲನೆಯದು ‘ನಕ಼್ದ್’, ಎರಡನೆಯದು ‘ತಕ಼ಾಜ಼ಾ’. ನಗದು ಪದದಲ್ಲಿ ಪಕ್ಕದ ದಕಾರದ ಘೋಷತೆ, ತಗಾದೆಯಲ್ಲಿ ಎರಡೂ ಬದಿಯ ಸ್ವರಗಳ ಘೋಷತೆ ಈ ಮಾರ್ಪಾಟಿಗೆ ಕಾರಣ. ಹಿಂದಿ, ಮರಾಠಿಗಳಲ್ಲಿಯೂ ಈ ಪದಗಳಲ್ಲಿ ಗಕಾರವಿರುವುದರಿಂದ ಇದು ಕನ್ನಡದಲ್ಲಿ ನಡೆದ ಬದಲಾವಣೆಯಲ್ಲ, ಕನ್ನಡಕ್ಕೆ ಸಿದ್ಧರೂಪದಲ್ಲಿಯೇ ಬಂದುದು.

ಕಿವಿಯ ದಾರಿ ಇಂದಿಗೂ ಮುಚ್ಚಿಲ್ಲ. ಕತಾರ್, ಇರಾಕ್ ಎಂಬ ದೇಶನಾಮಗಳು ಇಂಗ್ಲಿಷಿನ ಮೂಲಕ ಬಂದು ಕಕಾರವನ್ನು ಪಡೆದಿವೆ. ಆದರೆ ನಮ್ಮ ಪತ್ರಿಕೆಗಳು ‘ಅಲ್‌ಖೈದಾ’ ಎಂದು ಖಕಾರದಿಂದ ಬರೆಯುವುದು ರೂಢಿಯಾಗಿದೆ. ‘ತಳಹದಿ, ನಿಯಮ’ ಎಂಬರ್ಥದ ಆ ಪದವೂ ನಮ್ಮ ‘ಕಾಯಿದೆ’ಯೂ ಮೂಲತಃ ಒಂದೇ ಪದವೆಂಬುದು ಓದುಗರಿಗೆ ತೋರುವುದೇ ಇಲ್ಲ.

5. ಎಚ್ಚರಿಕೆಗಳು

ಇಲ್ಲಿ ಮೂರು ಎಚ್ಚರಿಕೆಗಳು ಅಗತ್ಯ. ಖಕಾರ ಕಂಡಲ್ಲೆಲ್ಲ ಮೂಲದಲ್ಲಿ ಕ಼ಾಫ್ ಇತ್ತೆಂದು ಊಹಿಸಬಾರದು. ಖಜಾನೆ, ಖಾಸಗಿ, ಖರ್ಚು ಇವುಗಳಲ್ಲಿರುವುದು ಖೇ. ‘ಖುರ್ಚಿ’ಯ ಮೂಲದಲ್ಲಿ ಕ಼ಾಫ್ ಇಲ್ಲ, ಖೇ ಕೂಡ ಇಲ್ಲ. ಅರಬ್ಬಿಯ ‘ಕುರ್ಸೀ’ ಸಾದಾ ಕಾಫ್ ಅಕ್ಷರದ್ದು. ಆದರೂ ಮರಾಠಿಯಲ್ಲಿ ಖುರ್ಚೀ ಎಂದಾಗಿ, ಕನ್ನಡದಲ್ಲಿ ಕುರ್ಚಿ, ಖುರ್ಚಿ ಎರಡೂ ಬಳಕೆಯಲ್ಲಿವೆ.

ಕಕಾರ ಕಂಡಲ್ಲಿಯೂ ಇದೇ ಎಚ್ಚರ ಬೇಕು. ಮೇಲೆ ಹೇಳಿದ ‘ಕಸಬಾ’ ಮತ್ತು ಉದ್ಯೋಗ ಎಂಬರ್ಥದ ‘ಕಸಬು’ ಕನ್ನಡದಲ್ಲಿ ಒಡಹುಟ್ಟಿದವರಂತೆ ತೋರುತ್ತವೆ. ವಾಸ್ತವವಾಗಿ ಮೊದಲನೆಯದು ಕ಼ಾಫ್‌ನಿಂದಲೂ ಎರಡನೆಯದು ಕಾಫ್‌ನಿಂದಲೂ ಆರಂಭವಾಗುವ, ಸಂಬಂಧವಿಲ್ಲದ ಪದಗಳು. ಕಸಬುದಾರರಿದ್ದ ಊರು ಕಸಬಾ ಎಂಬಂತಹ ವ್ಯುತ್ಪತ್ತಿ ಹೇಳಿದರೆ ಅದು ನಿಲ್ಲುವುದಿಲ್ಲ.

ಇನ್ನು ಅರಬ್ಬಿಯಲ್ಲಿ ಕ಼ಾಫ್ ಇದೆ ಎಂದ ಮಾತ್ರಕ್ಕೆ ಪದ ಅರಬ್ಬಿಯಲ್ಲಿಯೇ ಹುಟ್ಟಿತೆಂದು ಹೇಳಲಾಗದು. ಗ್ರೀಕರ ಸಾಮಾನ್ಯ ಕಕಾರವನ್ನು ಅರಬರು ಅನೇಕ ವೇಳೆ ಕ಼ಾಫ್‌ನಿಂದ ಬರೆದರು. ಕ಼ಲಮ್ ಎಂಬುದು ಗ್ರೀಕಿನ ‘ಕಲಮೋಸ್’. ನಮ್ಮ ಕಂದೀಲಿನ ಮೂಲ ಲ್ಯಾಟಿನ್ನಿನ ‘ಕಂದೇಲ’. ಕಾನೂನು ಗ್ರೀಕಿನ ‘ಕನೋನ್’ನಿಂದ ಬಂದುದು. ಆ ಗ್ರೀಕ್ ಪದವೂ ಜೊಂಡು ಎಂಬರ್ಥದ ಸೆಮಿಟಿಕ್ ಪದವೊಂದರಿಂದ ಬಂದಿರಬೇಕೆಂಬುದು ಸಾಮಾನ್ಯ ಅಭಿಪ್ರಾಯ. ಹೀಬ್ರೂವಿನಲ್ಲಿ ಆ ಪದ ಕ಼ಾಫ್‌ನ ಸೋದರಾಕ್ಷರದಿಂದಲೇ ಆರಂಭವಾಗುತ್ತದೆ. ಅಂದರೆ ಸೆಮಿಟಿಕ್‌ನಿಂದ ಹೊರಟು ಗ್ರೀಕಿನಲ್ಲಿ ಈ ಧ್ವನಿಯನ್ನು ಕಳೆದುಕೊಂಡ ಪದ, ಅರಬ್ಬಿಯಲ್ಲಿ ಅದನ್ನು ಮರಳಿ ಪಡೆದು, ಕನ್ನಡದಲ್ಲಿ ಮತ್ತೆ ಕಳೆದುಕೊಂಡಿತು.

6. ಸಂಪಾದನೆಯ ಪ್ರಶ್ನೆ

ಅಚ್ಚಗನ್ನಡದಲ್ಲಿ ಮಹಾಪ್ರಾಣಗಳಿಗೆ ಸ್ಥಾನ ಅತ್ಯಲ್ಪ. ಇಲಾಖೆ ಎಂದು ಬರೆಯುವವರಲ್ಲಿ ಬಹುಮಂದಿ ಮಾತಿನಲ್ಲಿ ‘ಇಲಾಕೆ’ ಎನ್ನುತ್ತಾರೆ. ಕನ್ನಡ ಬರೆಹದಿಂದ ಮಹಾಪ್ರಾಣಗಳನ್ನು ಕೈಬಿಡಬೇಕೆಂದು ಡಿ.ಎನ್. ಶಂಕರ ಭಟ್ಟರು ವಾದಿಸಿ ತಮ್ಮ ನಂತರದ ಗ್ರಂಥಗಳಲ್ಲಿ ಹಾಗೆಯೇ ಬರೆದರು. ಆ ವಾದದ ಸಾಧಕ ಬಾಧಕಗಳು ಬೇರೆಯೇ ಚರ್ಚೆಗೆ ಸೇರಿದವು. ಇಂದಿನ ಬರವಣಿಗೆ ಹೇಗಿರಬೇಕೆಂಬುದು ಒಂದು ಪ್ರಶ್ನೆ, ಹಿಂದಿನ ದಾಖಲೆಯಲ್ಲಿ ಇದ್ದುದನ್ನು ಹೇಗೆ ಉಳಿಸಬೇಕೆಂಬುದು ಇನ್ನೊಂದು. ಉಚ್ಚಾರದಲ್ಲಿ ಇಲ್ಲದ ಖಕಾರ ಬರೆಹದಲ್ಲಿ ಉಳಿದಿರುವುದರಿಂದಲೇ ಪದ ಬಂದ ದಾರಿ ನಮಗೆ ತಿಳಿಯುತ್ತದೆ.

ಇದನ್ನು ನಾನು ನನ್ನದೇ ತಪ್ಪಿನಿಂದ ಕಲಿತೆ. ಸಂಶೋಧನೆಯ ಆರಂಭದ ವರ್ಷಗಳಲ್ಲಿ ಕಡತವೊಂದರ ಪದಸೂಚಿ ತಯಾರಿಸುವಾಗ ಖಾಜಿ, ಖಾಯಂ ಎಂಬ ರೂಪಗಳನ್ನು ಲಿಪಿಕಾರನ ಸ್ಖಾಲಿತ್ಯವೆಂದು ಬಗೆದು, ಎಲ್ಲವನ್ನೂ ಕಕಾರಕ್ಕೆ ತಿದ್ದಿದೆ. ಸೂಚಿ ಅಚ್ಚುಕಟ್ಟಾಯಿತು. ಆದರೆ ಯಾವ ಲಿಪಿಕಾರ ಎಲ್ಲಿ ಕಕಾರ ಬರೆದಿದ್ದ, ಎಲ್ಲಿ ಖಕಾರ ಬರೆದಿದ್ದ ಎಂಬುದು ಆ ಸೂಚಿಯಿಂದ ಇನ್ನು ತಿಳಿಯುವಂತಿಲ್ಲ.

ವ್ಯಕ್ತಿನಾಮಗಳ ವಿಷಯದಲ್ಲಿ ಇದರ ಪರಿಣಾಮ ಹೆಚ್ಚು. ಅರಬ್ಬಿಯ ಕ಼ಾದಿರ್ ಎಂಬ ಹೆಸರು ಕರ್ನಾಟಕದಲ್ಲಿ ಸಾಮಾನ್ಯವಾಗಿ ‘ಖಾದರ್’. ಮರಾಠಿ ಕಾಗದದಲ್ಲಿ ಅದೇ ‘ಕಾದರ್’. ಇಂಗ್ಲಿಷಿನಲ್ಲಿ ಅದರ ಮೊದಲಕ್ಷರ ಮೂರು ಬಗೆಯಾಗಬಹುದು. ಕಾಸಿಂ–ಖಾಸಿಂ, ಕುರೇಷಿ–ಖುರೇಷಿ ಎಂಬ ಹೆಸರುಗಳದೂ ಇದೇ ಸ್ಥಿತಿ. ಬೆಳಗಾವಿ, ಸೊಲ್ಲಾಪುರದಂತಹ ಗಡಿಭಾಗಗಳಲ್ಲಿ ಒಂದು ಮನೆತನದ ಇನಾಮು, ಜಮೀನುಗಳ ಕಾಗದಗಳು ಎರಡು ಮೂರು ಭಾಷೆಗಳಲ್ಲಿ ಇರುವುದುಂಟು. ಅಕಾರಾದಿ ಸೂಚಿಯಲ್ಲಿ ಕಕಾರದಡಿ ಮಾತ್ರ ಹುಡುಕುವವನು ಒಬ್ಬನೇ ವ್ಯಕ್ತಿಯನ್ನು ಇಬ್ಬರೆಂದು ಎಣಿಸಿಯಾನು, ಅಥವಾ ಒಂದು ತಲೆಮಾರನ್ನೇ ಕಾಣದೆ ಹೋದಾನು. ತುರ್ಕಿಯಲ್ಲಿ ಕಾನೂನಿನಿಂದಾದುದು ಇಲ್ಲಿ ಕೇವಲ ಸೂಚಿಯ ಅವ್ಯವಸ್ಥೆಯಿಂದ ಆಗಬಹುದು.

ಆದ್ದರಿಂದ ದಾಖಲೆಗಳನ್ನು ಸಂಪಾದಿಸುವವರು ಕೆಲವು ನಿಯಮಗಳನ್ನು ಪಾಲಿಸುವುದು ಯುಕ್ತ. ಮೂಲದ ಕಕಾರ, ಖಕಾರ, ಗಕಾರಗಳನ್ನು ಇದ್ದಂತೆಯೇ ಉಳಿಸಬೇಕು. ಸೂಚಿಯಲ್ಲಿ ಜೋಡಿ ರೂಪಗಳನ್ನು ಪರಸ್ಪರ ನಿರ್ದೇಶಿಸಬೇಕು. ಪಾರಸಿ, ಉರ್ದು ಪಠ್ಯಗಳನ್ನು ಕನ್ನಡಕ್ಕೆ ಲಿಪ್ಯಂತರಿಸುವಾಗ ಕಾಫ್‌ಗೆ ‘ಕ’, ಕ಼ಾಫ್‌ಗೆ ಚುಕ್ಕಿಯುಳ್ಳ ‘ಕ಼’ ಎಂಬ ವ್ಯವಸ್ಥೆ ಇರಬೇಕು. ಈ ಚುಕ್ಕಿಗೆ ಯೂನಿಕೋಡ್‌ನ ಕನ್ನಡ ವಿಭಾಗದಲ್ಲಿ ಸಂಕೇತ ದೊರೆತಿರುವುದರ ಕಾರಣ ಮುದ್ರಣದ ತೊಡಕೂ ಈಗ ಉಳಿದಿಲ್ಲ. ಪದದ ಮೂಲವನ್ನು ಹೇಳುವಾಗ ‘ಅರಬ್ಬೀ’ ಎಂದಷ್ಟೇ ಬರೆಯದೆ, ಅದು ಮರಾಠಿ ದಫ್ತರದಿಂದ ಬಂದುದೋ ದಖನಿಯ ಆಡುಮಾತಿನಿಂದ ಬಂದುದೋ ಎಂಬುದನ್ನೂ ವಿಚಾರಿಸಬೇಕು.

ಪುಣೆ, ಮುಂಬಯಿ, ಹೈದರಾಬಾದುಗಳ ದಾಖಲೆ ಭಂಡಾರಗಳ ಸಮೀಪದಲ್ಲಿರುವ ಹೊರನಾಡಿನ ಸಂಶೋಧಕರಿಗೆ ಈ ಕೆಲಸದಲ್ಲಿ ವಿಶೇಷ ಅನುಕೂಲವಿದೆ. ಒಂದೇ ಊರಿಗೆ ಸಂಬಂಧಿಸಿದ ಪಾರಸಿ, ಮೋಡಿ, ಕನ್ನಡ ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ಒಂದೊಂದು ಪದದ ಬರೆಹವನ್ನೂ ಕಾಲಾನುಕ್ರಮದಲ್ಲಿ ಗುರುತಿಸಿದರೆ ಇಲ್ಲಿ ಹೇಳಿದ ಅಭಿಪ್ರಾಯಗಳು ದೃಢಪಡಬಹುದು, ತಿದ್ದುಪಡಿಯನ್ನೂ ಪಡೆಯಬಹುದು. ಆ ತಿದ್ದುಪಡಿಗೆ ಮೂಲದ ಅಕ್ಷರಗಳು ಉಳಿದಿರಬೇಕು ಎಂಬುದಷ್ಟೇ ಈ ಲೇಖನದ ಕಳಕಳಿ.